ಇಂಪೆರ್ಫೆತ್ತೊ: ‘ಮಾಡುತ್ತಿದ್ದೆ’ ಬಂದಲ್ಲೆಲ್ಲ ಅದನ್ನೇ ಬಳಸಬಹುದೇ?

ಪ್ರಶ್ನೆ
ಇಟಾಲಿಯನ್ನಿನ ಇಂಪೆರ್ಫೆತ್ತೊ ಅಂದರೆ ನಮ್ಮ ‘ಮಾಡುತ್ತಿದ್ದೆ’ ಅಂತಾರೆ. ಹಾಗಿದ್ದರೆ ‘ನಿನ್ನೆ 8 ಗಂಟೆ ಕೆಲಸ ಮಾಡುತ್ತಿದ್ದೆ’ ಎನ್ನಲು ‘ಲವೊರಾವೊ’ ಬಾರದೆ ‘ಓ ಲವೊರಾತೊ’ ಬರುವುದೇಕೆ? ಇನ್ನೊಂದು, ‘ಫಾರೆ’ (ಮಾಡು) ‘ಫಾವೊ’ ಆಗದೆ ‘ಫಚೇವೊ’ ಆಗುವುದು ಹೇಗೆ?

ಉತ್ತರ 1
ಮೊದಲು ರೂಪದ ವಿಷಯ. ಮೂಲರೂಪದ ಕೊನೆಯ ‘ರೆ’ ತೆಗೆದು ವೊ, ವಿ, ವ, ವಾಮೊ, ವಾತೆ, ವನೊ (ನಾನು, ನೀನು, ಅವನು/ಅವಳು, ನಾವು, ನೀವು, ಅವರು) ಸೇರಿಸಿ. ಪರ್ಲಾರೆ (ಮಾತಾಡು)–ಪರ್ಲಾವೊ, ವೆದೇರೆ (ನೋಡು)–ವೆದೇವೊ, ದೊರ್ಮೀರೆ (ಮಲಗು)–ದೊರ್ಮೀವೊ. ‘ಆರೆ’, ‘ಏರೆ’, ‘ಈರೆ’ ಎಂದು ಕೊನೆಯಾಗುವ ಮೂರೂ ಗುಂಪಿಗೆ ಪ್ರತ್ಯಯ ಒಂದೇ.

ಪೂರ್ತಿ ಬೇರೆ ದಾರಿ ಹಿಡಿಯುವುದು ‘ಎಸ್ಸೆರೆ’ (ಇರು) ಮಾತ್ರ: ಏರೊ, ಏರಿ, ಏರ, ಎರವಾಮೊ, ಎರವಾತೆ, ಏರನೊ. ಫಾರೆ, ದೀರೆ (ಹೇಳು), ಬೇರೆ (ಕುಡಿ) ಇವು ಲ್ಯಾಟಿನ್ನಿನ ಉದ್ದ ರೂಪಗಳು ಸವೆದು ಉಳಿದವು. ಇಂಪೆರ್ಫೆತ್ತೊದಲ್ಲಿ ಹಳೆಯ ಧಾತು ಮತ್ತೆ ತಲೆ ಎತ್ತುತ್ತದೆ: ಫಚೇವೊ, ದಿಚೇವೊ, ಬೆವೇವೊ. ಇಂಥ ಸವೆದ ಕ್ರಿಯಾಪದಗಳ ಜೆರೂಂದಿಯೊ (ನಮ್ಮ ‘ಮಾಡುತ್ತಾ’ ಥರದ ರೂಪ) ಗೊತ್ತಿದ್ದರೆ ಬಾಯಿಪಾಠವೇ ಬೇಡ. ಅದರ ‘ಎಂದೊ’ ತೆಗೆದು ‘ಏವೊ’ ಹಾಕಿ: ಫಚೇಂದೊ–ಫಚೇವೊ, ಪೊನೇಂದೊ (ಇಡುತ್ತಾ)–ಪೊನೇವೊ, ತ್ರದುಚೇಂದೊ (ಅನುವಾದಿಸುತ್ತಾ)–ತ್ರದುಚೇವೊ.

ಉಚ್ಚಾರದಲ್ಲಿ ಹೆಚ್ಚಿನವರು ಎಡವುವುದು ‘ಅವರು’ ರೂಪದಲ್ಲಿ. ಒತ್ತು ‘ಲಾ’ ಮೇಲೆ: ಪರ್ಲಾವನೊ. ‘ಪರ್ಲವಾನೊ’ ಅಂದರೆ ತಪ್ಪು. ‘ನಾವು’, ‘ನೀವು’ ರೂಪಗಳಲ್ಲಿ ಮಾತ್ರ ಒತ್ತು ಮುಂದೆ ಸರಿಯುತ್ತದೆ: ಪರ್ಲವಾಮೊ, ಪರ್ಲವಾತೆ.

ಉತ್ತರ 2
8 ಗಂಟೆಯ ಪ್ರಶ್ನೆಗೆ: ಕೆಲಸ ಎಷ್ಟು ಹೊತ್ತು ನಡೆಯಿತು ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಅದರ ಗಡಿ ಹೇಳಿದ್ದೀರಾ ಎನ್ನುವುದು ಬರುತ್ತದೆ. ‘8 ಗಂಟೆ’, ‘ಇಡೀ ದಿನ’, ‘ಮೂರು ಸಲ’ ಎಂದೊಡನೆ ಅಳತೆ ಮುಗಿಯಿತು. ಪಸ್ಸಾತೊ ಪ್ರೊಸ್ಸಿಮೊ (‘ಓ ಲವೊರಾತೊ’ ಥರದ, ಮುಗಿದ ಕೆಲಸ ಹೇಳುವ ಭೂತಕಾಲ) ಬರಬೇಕು. ಕನ್ನಡ ಅಲ್ಲಿಯೂ ‘ಉತ್ತಿದ್ದೆ’ಗೆ ಜಾಗ ಕೊಡುವುದರಿಂದಲೇ ನಮಗೆ ಈ ಗೊಂದಲ.

‘ಪೆರ್’ (ಇಷ್ಟು ಹೊತ್ತು) ಮತ್ತು ‘ದಾ’ (ಇಷ್ಟು ಹೊತ್ತಿನಿಂದ) ಗಮನಿಸಿ. ‘ಓ ಸ್ತುದ್ಯಾತೊ ಪೆರ್ ದೂಎ ಓರೆ’: ಎರಡು ಗಂಟೆ ಓದಿದೆ, ಮುಗಿಯಿತು. ‘ಸ್ತುದ್ಯಾವೊ ದಾ ದೂಎ ಓರೆ ಕ್ವಾಂದೊ ಎ ಅರ್ರಿವಾತೊ ಮಾರ್ಕೊ’: ಮಾರ್ಕೊ ಬಂದಾಗ ಎರಡು ಗಂಟೆ ಹೊತ್ತಿನಿಂದ ಓದುತ್ತಲೇ ಇದ್ದೆ. ಓದು ಇನ್ನೂ ತೆರೆದಿದೆ, ಹಾಗಾಗಿ ಇಂಪೆರ್ಫೆತ್ತೊ.

ಉತ್ತರ 3
ಮೇಲಿನದಕ್ಕೆ ಸೇರಿಸಬೇಕಾದ್ದು: ‘ಉತ್ತಿದ್ದೆ’ ಇಲ್ಲದ ಕಡೆಯೂ ಇಂಪೆರ್ಫೆತ್ತೊ ಬೇಕಾಗುತ್ತದೆ. ವಯಸ್ಸು, ಗಡಿಯಾರದ ಸಮಯ, ನೋಟದ ವರ್ಣನೆ ಎಲ್ಲ ಅದರ ಪಾಲು. ‘ಆಗ ನನಗೆ ಹತ್ತು ವರ್ಷ’ ಎನ್ನುವಲ್ಲಿ ನಮಗೆ ಕ್ರಿಯಾಪದವೇ ಬೇಡ, ಅಲ್ಲಿ ‘ಅವೇವೊ ದ್ಯೇಚಿ ಆನ್ನಿ’.

ಕನ್ನಡ ನಿಜಕ್ಕೂ ಕೈಹಿಡಿಯುವುದು ‘ಸಪೇರೆ’, ‘ಕೊನೋಶೆರೆ’ಗಳಲ್ಲಿ. ಗೊತ್ತಿತ್ತು: ಸಪೇವೊ. ಗೊತ್ತಾಯಿತು: ಓ ಸಪೂತೊ. ಪರಿಚಯವಿತ್ತು: ಕೊನೊಶೇವೊ. ಪರಿಚಯವಾಯಿತು: ಓ ಕೊನೊಶ್ಯೂತೊ. ‘ಇತ್ತು’ ಬಂದರೆ ಇಂಪೆರ್ಫೆತ್ತೊ, ‘ಆಯಿತು’ ಬಂದರೆ ಪಸ್ಸಾತೊ ಪ್ರೊಸ್ಸಿಮೊ. ಈ ಎರಡು ಕ್ರಿಯಾಪದಗಳಿಗೆ ಧೈರ್ಯವಾಗಿ ನಂಬಬಹುದು.