ಸೆಟಲ್‌ಮೆಂಟ್ ಕಂತು ಕಟ್ಟುತ್ತಿರುವಾಗ ಲೋನ್ ಇನ್ಶೂರೆನ್ಸ್ ದುಡ್ಡು ವಾಪಸ್ ಕೇಳಿದವರು ಇದ್ದೀರಾ?

ದಾವಣಗೆರೆ (ಕೇಳಿದವರು): ಕೆಲಸ ಹೋದ ಮೇಲೆ ಪರ್ಸನಲ್ ಲೋನ್ ಕಟ್ಟೋಕೆ ಆಗಲಿಲ್ಲ. ಬ್ಯಾಂಕಿನವರು ಸೆಟಲ್‌ಮೆಂಟಿಗೆ (ಬಾಕಿಯಲ್ಲಿ ಸ್ವಲ್ಪ ಬಿಟ್ಟು ಉಳಿದದ್ದನ್ನು ಕಟ್ಟಿಸಿಕೊಳ್ಳೋಕೆ) ಒಪ್ಪಿ ಕಂತು ಮಾಡಿಕೊಟ್ಟಿದ್ದಾರೆ. ಲೋನ್ ಕೊಡುವಾಗ, ನಾನು ಸತ್ತರೆ ಸಾಲ ತೀರಿಸೋಕೆ ಅಂತ ಹಿಡಿದುಕೊಂಡ ಇನ್ಶೂರೆನ್ಸ್ ಪ್ರೀಮಿಯಂ ವಾಪಸ್ ಕೇಳಬೇಕು ಅಂತಿದ್ದೇನೆ. ನಾನೇ ಕೇಳಲಾ, 30% ಕೇಳುವ ಏಜೆನ್ಸಿಗೆ ಕೊಡಲಾ? ಕೇಳಿದರೆ ಸೆಟಲ್‌ಮೆಂಟ್ ಕೆಡುತ್ತಾ?

ತುಮಕೂರು ಟಾಟಾ ಏಸ್: ನೀವೇ ಕೇಳಿ. ನನ್ನದು 4 ಲಕ್ಷ ಸ್ಯಾಂಕ್ಷನ್. ಕೈಗೆ ಬಂದದ್ದು 3,71,660. ಪ್ರೊಸೆಸಿಂಗ್ 8,000, ಅದರ ಮೇಲೆ ಜಿಎಸ್‌ಟಿ 1,440, ಇನ್ಶೂರೆನ್ಸ್ 18,900. ಈ 18,900ಕ್ಕೂ 16% ಬಡ್ಡಿ, 5 ವರ್ಷ. ಅಂದರೆ ಇಎಂಐನಲ್ಲಿ ತಿಂಗಳಿಗೆ ಸುಮಾರು 460 ರೂಪಾಯಿ ಬರೀ ಇದಕ್ಕೇ ಹೋಗುತ್ತಿತ್ತು. ಬ್ರಾಂಚಿಗೆ ಹೋದರೆ ಇನ್ಶೂರೆನ್ಸ್ ಕಂಪನಿಯನ್ನು ಕೇಳಿ ಅಂತಾರೆ. ಕಂಪನಿಯವರು ಇದು ಗ್ರೂಪ್ ಪಾಲಿಸಿ (ಬ್ಯಾಂಕಿನ ಹೆಸರಲ್ಲಿ ಸಾಲಗಾರರಿಗೆಲ್ಲ ಸೇರಿಸಿ ಮಾಡಿದ್ದು), ಬ್ಯಾಂಕ್ ಸೀಲ್ ತನ್ನಿ ಅಂತಾರೆ. ಪಾಲಿಸಿ ಸರ್ಟಿಫಿಕೇಟ್ ನನ್ನ ಕೈಗೆ ಬಂದೇ ಇರಲಿಲ್ಲ. ಲೋನ್ ನಂಬರ್ ಹಾಕಿ ಮೇಲ್ ಮಾಡಿ, ಪ್ರೊಪೋಸಲ್ ಫಾರಂ ಕಾಪಿ ತರಿಸಿಕೊಂಡೆ. ಅದರಲ್ಲಿ ಶುಗರ್ ಇದೆಯಾ, ಬಿಪಿ ಇದೆಯಾ ಅನ್ನೋ ಪ್ರಶ್ನೆಗಳಿಗೆಲ್ಲ 'ಇಲ್ಲ' ಅಂತ ನೀಲಿ ಪೆನ್ನಲ್ಲಿ ಟಿಕ್. ಕೆಳಗೆ ನನ್ನ ಸಹಿ ಕಪ್ಪು ಪೆನ್ನಲ್ಲಿ. ನಾನು ಎಷ್ಟೋ ವರ್ಷದಿಂದ ಶುಗರ್ ಮಾತ್ರೆ ನುಂಗುತ್ತಿರುವವನು! ನಾಳೆ ನಾನು ಸತ್ತರೆ ಅದೇ ನೆಪ ಹೇಳಿ ಕ್ಲೇಮ್ ತಳ್ಳಿಹಾಕುತ್ತಿದ್ದರು, ಅಲ್ವಾ? ಅದನ್ನೇ ಬರೆದು ಪೂರ್ತಿ ಪ್ರೀಮಿಯಂ ಕೇಳಿದೆ. ಒಂದು ತಿಂಗಳು ಉತ್ತರ ಇಲ್ಲ. ಬೆಂಗಳೂರು ಜೆ.ಪಿ. ನಗರದ ಜೀವನ್ ಸೌಧದಲ್ಲಿ ಇನ್ಶೂರೆನ್ಸ್ ಓಂಬುಡ್ಸ್‌ಮನ್ (ಇನ್ಶೂರೆನ್ಸ್ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನ ಕೊಡುವವರು) ಆಫೀಸಿದೆ, ಅಲ್ಲಿ ದೂರು ಕೊಟ್ಟೆ. ಫೀಸ್ ಒಂದು ಪೈಸೆ ಇಲ್ಲ. 18,900 ಪೂರ್ತಿ ಬಂತು.

ಮೈಸೂರು ಮೇಷ್ಟ್ರು: ಎಲ್ಲರಿಗೂ ಅಷ್ಟು ಪುರುಸೊತ್ತು ಇರಲ್ಲ. ಅಪ್ಪನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ನಾನು ಆಸ್ಪತ್ರೆಯಲ್ಲಿ ಕೂರಬೇಕಾ, ಬ್ರಾಂಚಲ್ಲಿ ಕೂರಬೇಕಾ? ಏಜೆನ್ಸಿಗೆ ಕೊಟ್ಟೆ. ಬಂದದ್ದು 6,200. ಅವರ ಕಮಿಷನ್ 1,860, ಜಿಎಸ್‌ಟಿ 334.80, ಫೈಲ್ ಚಾರ್ಜ್ 999. ನಾನು ಒಂದು ಫೋನ್ ಕೂಡ ಮಾಡಲಿಲ್ಲ. ಇನ್ನೊಮ್ಮೆ ಅಂಥ ಪರಿಸ್ಥಿತಿ ಬಂದರೂ ಏಜೆನ್ಸಿಗೇ ಕೊಡುತ್ತೇನೆ.

ತುಮಕೂರು ಟಾಟಾ ಏಸ್: ಮೇಷ್ಟ್ರೇ, ನಿಮಗೆ ಉಳಿದದ್ದು 3,006 ರೂಪಾಯಿ. ಓಂಬುಡ್ಸ್‌ಮನ್ ಮುಂದೆ ಏಜೆಂಟ್, ವಕೀಲ ಯಾರೂ ನಮ್ಮ ಪರವಾಗಿ ಹೋಗೋ ಹಾಗಿಲ್ಲ. ಅದಕ್ಕೇ ಆ ಏಜೆನ್ಸಿಯವರು ಸರೆಂಡರ್ ಫಾರಂ (ಪಾಲಿಸಿ ಮಧ್ಯದಲ್ಲೇ ಬಿಟ್ಟು, ಉಳಿದ ಅವಧಿಗೆ ಸಿಗುವಷ್ಟು ದುಡ್ಡು ಕೇಳೋದು) ತುಂಬಿಸಿ ಕೈತೊಳೆದುಕೊಂಡಿದ್ದಾರೆ. ಪೂರ್ತಿ ಪ್ರೀಮಿಯಂ ಕೇಳಲೇ ಇಲ್ಲ ಅವರು.

ಮೈಸೂರು ಮೇಷ್ಟ್ರು: ನನ್ನ ಮನೆ ಪರಿಸ್ಥಿತಿ ನಿಮಗೇನು ಗೊತ್ತು? ಲೆಕ್ಕ ಹೇಳಿಕೊಡಬೇಡಿ. ಲೆಕ್ಕ ನಾನೇ ಪಾಠ ಮಾಡೋದು.

ಹುಬ್ಬಳ್ಳಿ ಅಕ್ಕ: ನೀವಿಬ್ಬರೂ ಕಮಿಷನ್ನಿಗೆ ಜಗಳ ಆಡ್ತಿದ್ದೀರಿ. ದುಡ್ಡು ಎಲ್ಲಿಗೆ ಬರುತ್ತೆ ಅಂತ ಯಾರೂ ಹೇಳಲಿಲ್ಲ. ನನ್ನದು ಟೇಲರಿಂಗ್ ಅಂಗಡಿ ಸಾಲ. ಸೆಟಲ್‌ಮೆಂಟ್ ಕಂತು ತಿಂಗಳಿಗೆ 9,000. ರೀಫಂಡ್ 11,350 ಬಂತು, ನನ್ನ ಕೈಗಲ್ಲ, ನೇರ ಲೋನ್ ಅಕೌಂಟಿಗೆ. "ಈ ತಿಂಗಳ ಕಂತಿಗೆ ಅಡ್ಜಸ್ಟ್ ಆಗುತ್ತೆ, ಬಿಡಿ ಅಮ್ಮಾ" ಅಂತ ಬ್ರಾಂಚಿನ ಸಾಹೇಬರೇ ಹೇಳಿದರು. ಆಮೇಲೆ ನೋಡಿದರೆ ಅದನ್ನು ಹಳೇ ಬಡ್ಡಿಗೆ ಹಾಕಿಕೊಂಡಿದ್ದಾರೆ. ಕಂತು ತಪ್ಪಿತು ಅಂತ ಸೆಟಲ್‌ಮೆಂಟ್ ರದ್ದು! ಬಿಟ್ಟಿದ್ದ 1,84,000 ಮತ್ತೆ ತಲೆ ಮೇಲೆ. ಆ ಸಾಹೇಬರು ವರ್ಗವಾಗಿ ಹೋದರು. ಹೊಸಬರು "ಬರೆದುಕೊಟ್ಟಿದ್ದಾರಾ?" ಅಂತ ಕೇಳಿದರು. ಇವತ್ತಿಗೂ ಹೊಟ್ಟೆ ಉರಿಯುತ್ತೆ. ರೀಫಂಡ್ ಬಂದರೆ ಕಂತಿಗೆ ಹಾಕ್ತೀರಾ, ಹಳೇ ಬಾಕಿಗೆ ಹಿಡಿದುಕೊಳ್ತೀರಾ ಅಂತ ಬ್ಯಾಂಕಿನವರಿಂದ ಮೊದಲು ಮೇಲ್‌ನಲ್ಲಿ ಬರೆಸಿಕೊಳ್ಳಿ. ಅಲ್ಲಿಯವರೆಗೆ ಕಂತು ಒಂದು ದಿನವೂ ತಡ ಮಾಡಬೇಡಿ.

ಮಂಗಳೂರು, ನಿವೃತ್ತ ಬ್ಯಾಂಕ್ ನೌಕರ: ಎಲ್ಲರೂ ವಾಪಸ್ ವಾಪಸ್ ಅಂತೀರಿ. ನನ್ನ ಭಾವ ಹಾರ್ಟ್ ಅಟ್ಯಾಕಿನಲ್ಲಿ ಹೋದಾಗ ಹೌಸಿಂಗ್ ಲೋನ್ 7,60,000 ಬಾಕಿ ಇತ್ತು. ಅಷ್ಟನ್ನೂ ಇನ್ಶೂರೆನ್ಸ್ ಕಟ್ಟಿತು. ತಂಗಿ ಇವತ್ತೂ ಅದೇ ಮನೆಯಲ್ಲಿದ್ದಾಳೆ. ಕವರ್ ಕಳೆದುಕೊಳ್ಳಬೇಡಿ. ಬೇಡ ಅನ್ನುವವರಿಗೆ ಫ್ರೀ ಲುಕ್ ಇದೆ, ಅಂದರೆ ಪಾಲಿಸಿ ಕೈಗೆ ಬಂದ ಮೇಲೆ ಬೇಡ ಅಂತ ವಾಪಸ್ ಕೊಡೋಕೆ ಇರುವ ಗಡುವು. 2024ರಿಂದ 30 ದಿನ. ಆಗ ಸುಮ್ನೆ ಇದ್ದು ಈಗ ಕೂಗುವುದೇಕೆ?

ತುಮಕೂರು ಟಾಟಾ ಏಸ್: ಸರ್, ಪಾಲಿಸಿ ಕಾಗದವನ್ನೇ ಕೊಡದಿದ್ದರೆ 30 ದಿನ ಎಣಿಸೋದು ಎಲ್ಲಿಂದ? ಟಾರ್ಗೆಟ್ ಅಂತ ನೀಲಿ ಪೆನ್ನು ಹಿಡಿದವರು ನಿಮ್ಮವರೇ ಅಲ್ವಾ?

ಮಂಗಳೂರು, ನಿವೃತ್ತ ಬ್ಯಾಂಕ್ ನೌಕರ: ನಾನು ಯಾರ ಫಾರಂ ಮೇಲೂ ಟಿಕ್ ಹಾಕಿದವನಲ್ಲ. ಮಾತು ಹಿಡಿತದಲ್ಲಿರಲಿ. ಮತ್ತೆ ಸೆಟಲ್‌ಮೆಂಟ್ ಮಾಡಿಕೊಂಡವರು ಸಿಬಿಲ್‌ನಲ್ಲಿ (ನಮ್ಮ ಸಾಲದ ಚರಿತ್ರೆಯ ದಾಖಲೆಯಲ್ಲಿ) 'ಕ್ಲೋಸ್ಡ್' ಬದಲು 'ಸೆಟಲ್ಡ್' ಅಂತ ಬರುವುದನ್ನೂ ನೋಡಿಕೊಳ್ಳಲಿ. ಪೂರ್ತಿ ಕಟ್ಟಿದವರ ಮರ್ಯಾದೆಯೇ ಬೇರೆ.

ಹುಬ್ಬಳ್ಳಿ ಅಕ್ಕ: ಮರ್ಯಾದೆ ಮಾತು ಬೇಡ ಸರ್. ಲಾಕ್‌ಡೌನಿನಲ್ಲಿ ಮಷೀನ್ ಮಾರಿ ಕಂತು ಕಟ್ಟಿದವಳು ನಾನು.

ದಾವಣಗೆರೆ: ದಯವಿಟ್ಟು ಜಗಳ ಬೇಡ. ನನ್ನ ಸೆಟಲ್‌ಮೆಂಟ್ ಪತ್ರದಲ್ಲಿ ಇನ್ಶೂರೆನ್ಸ್ ಮಾತೇ ಇಲ್ಲ. ಮೊದಲು ಬ್ಯಾಂಕಿಗೆ ಬರೆಯಲಾ, ಕಂಪನಿಗಾ?

ಹುಬ್ಬಳ್ಳಿ ಅಕ್ಕ: ಮೊದಲು ಬ್ಯಾಂಕಿಗೆ. ಉತ್ತರ ಕೈಗೆ ಬಂದ ಮೇಲೆ ಕಂಪನಿಗೆ.

ತುಮಕೂರು ಟಾಟಾ ಏಸ್: ಇಬ್ಬರಿಗೂ ಒಂದೇ ದಿನ ಬರೆಯಿರಿ. ಬ್ಯಾಂಕಿನ ಉತ್ತರ ಕಾಯುತ್ತಾ ಕೂತರೆ ಪಾಲಿಸಿ ಅವಧಿ ಕರಗುತ್ತೆ, ಸರೆಂಡರ್ ದುಡ್ಡೂ ಕಮ್ಮಿ ಆಗುತ್ತೆ. ಕಂಪನಿ ಇಲ್ಲ ಅಂದರೆ ಆ ಪತ್ರದ ತಾರೀಖಿಂದ ಒಂದು ವರ್ಷದೊಳಗೆ ಓಂಬುಡ್ಸ್‌ಮನ್ ಹತ್ತಿರ ಹೋಗಬೇಕು.

ಹುಬ್ಬಳ್ಳಿ ಅಕ್ಕ: ಅಣ್ಣಾ, ನಿಮ್ಮದು ಸೆಟಲ್‌ಮೆಂಟ್ ಸಾಲವೇ ಅಲ್ಲ, ಕಂತು ರದ್ದಾಗುವ ಭಯ ನಿಮಗೆ ಇರಲಿಲ್ಲ. ಅವರಿಗಿದೆ.