ಒಂದೂವರೆ ಗುಂಟೆ ಜಾಲಿ ಕಂಟಿ: ತಗೊಳ್ಳೋದಾ, ಬಿಡೋದಾ?

ಸೇಡಂ ರೋಡ್ ಸೊಸಿ:
ಶರಣ್ರಿ ಎಲ್ಲರಿಗೂ. ಕಲಬುರಗಿ ಸೇಡಂ ರೋಡ್ ಕಡೆ ನಮ್ಮ ಬಡಾವಣಿ ಸಂಘದ್ದು ಖಾಲಿ ಜಾಗ ಅದ. ಅದನ್ನ ಒಂದೂವರೆ ಗುಂಟೆದ್ದೊಂದು ತುಂಡು ಮಾಡಿ ಕಾಯಿಪಲ್ಯ ಬೆಳ್ಕೊಳ್ಳಾಕ ಸದಸ್ಯರಿಗೆ ಕೊಡ್ತಾರ. ಎರಡು ವರ್ಷದ ಹಿಂದ ಹೆಸರು ಬರಸಿದ್ದೆ, ನಿನ್ನಿ ಫೋನ್ ಬಂತು. ಹೋಗಿ ನೋಡಿದ್ರ ನೆಲಾನೇ ಕಾಣವಲ್ದು. ನಾಲ್ಕು ವರ್ಷದಿಂದ ಯಾರೂ ಕೈ ಹಚ್ಚಿಲ್ಲಂತ. ಬಳ್ಳಾರಿ ಜಾಲಿ ನನ್ನ ತಲಿಗಿಂತ ಎತ್ತರ ಹೋಗ್ಯಾವ, ನಡುವ ಎದಿ ಮಟ ಕಾಂಗ್ರೆಸ್ ಕಸ. ವರ್ಷಕ್ಕ 1,500 ಬಾಡಿಗಿ, 3,000 ಡಿಪಾಜಿಟ್. ಮೂರು ತಿಂಗಳಾಗ ಹಸನ ಮಾಡ್ಲಿಲ್ಲಂದ್ರ ಜಾಗಾನೂ ಹೋಯ್ತು, ಡಿಪಾಜಿಟ್ಟೂ ಹೋಯ್ತು. ಸಂಘದ ಬೋರಿನ ನೀರು ವಾರಕ್ಕ ಎರಡು ದಿನ ಬಿಡ್ತಾರ. ನಾನು ಡ್ಯೂಟಿಗೆ ಹೋಗಾಕಿ, ಮನಿಯವರು ವಾರಕ್ಕೊಮ್ಮೆ ಊರಿಗೆ ಬರ್ತಾರ. ನಮ್ಮತ್ತಿಯವರಿಗೆ ಮೊಣಕಾಲು ಬ್ಯಾನಿ, ಆದ್ರೂ ಆಸೆ ಭಾಳ. ನಾನು ಕೇಳೋದಿಷ್ಟೇ, ಅರ್ಧ ಅಷ್ಟೇ ಕೊಡ್ರಿ ಅಂತ ಕೇಳಬಹುದೇನು? ಸೋಮವಾರದೊಳಗ ಹೇಳಬೇಕು.

ಕಪನೂರ ಗೆಳೆಯ:
ಬ್ಯಾಡ್ರಿ ಅಕ್ಕಾರ. ಕೈ ಮುಗೀತೀನಿ, ಬ್ಯಾಡ. ನಾನೂ ಹಿಂಗೇ ಎರಡು ಗುಂಟೆ ಹಿಡದಿದ್ದೆ. ಲೆಕ್ಕದ ವಹಿ ಇನ್ನೂ ಇಟ್ಕೊಂಡೀನಿ, ನೋಡ್ರಿ. ಜೆಸಿಬಿ ಮೂರು ತಾಸು, 3,600. ಟ್ರ್ಯಾಕ್ಟರ್ 800. ತಿಪ್ಪಿ ಗೊಬ್ಬರ ಎರಡು ಟ್ರಾಲಿ, 7,000. ಕಲ್ಲಿನ ಕಂಬ, ಮುಳ್ಳುತಂತಿ 6,200. ಪೈಪು 600, ಬೀಜ 400. ಟ್ಯಾಂಕರ್ ಎಂಟು ಸಲ, 4,800. ಕೂಡಿಸಿದ್ರ 23,400. ಬಂದದ್ದೇನು? ಎರಡು ಕೇಜಿ ಬದನಿಕಾಯಿ, ನಾಲ್ಕು ಕಟ್ಟು ಮೆಂತ್ಯಪಲ್ಯ. ಅದರಾಗೂ ಒಂದು ಕಟ್ಟು ಯಾರದೋ ಆಡು ತಿಂದು ಹೋಯ್ತು.

ಜೆಸಿಬಿಯಂವ ಮ್ಯಾಲ ಮ್ಯಾಲ ಕಿತ್ತಿ ರೊಕ್ಕ ತಗೊಂಡು ನಡದ. ಮಿರಗ ಮಳಿ ಒಂದು ಬಿತ್ತು ನೋಡ್ರಿ, ಮುರದ ಬೇರಿಗೊಂದರಂತೆ ಜಾಲಿ ಚಿಗುರು ಎದ್ದು ನಿಂತವು. ಎಣಿಸೀನಿ, 61. ಇನ್ನೊಂದು ಹೇಳ್ತೀನಿ, ಬಕೆಟ್ ಹಾಕಿ ಕೆಳಗಿನ ಗರಸು ಮ್ಯಾಲ ತಂದ, ಮ್ಯಾಲಿನ ಎರಿ ಮಣ್ಣು ಕೆಳಗ ಹೋಯ್ತು. ಬ್ಯಾಸಿಗ್ಯಾಗ ಟ್ಯಾಂಕರ್ ನೀರು ಬಿಟ್ರ ಬಿರುಕಿನಾಗ ಗಟಗಟ ಇಳದು ಹೋಗ್ತಿತ್ತು, ಗಿಡದ ಬುಡ ಒಣಕೊಂಡೇ ಇರ್ತಿತ್ತು. ಬಿರುಕಿನಾಗ ನನ್ನ ಕೈ ಮೊಣಕೈ ತನಕ ಹೋಗ್ತಿತ್ತು, ಸುಳ್ಳಲ್ಲ. ಎಂಟು ಟ್ಯಾಂಕರ್ ಪಾತಾಳಕ್ಕ ಕುಡಿಸೀನಿ.

ರಿಟೈರ್ಡ್ ಮಾಸ್ತರ, ಯಾದಗಿರಿ:
ಮೇಲಿನವರ ಅನುಭವ ಓದಿ ಬೇಸರವಾಯಿತು. ಆದರೆ ತಪ್ಪು ನೆಲದ್ದಲ್ಲ, ಜೆಸಿಬಿಯದು. ನನ್ನದು ಒಂದು ಗುಂಟೆ, 2019ರಲ್ಲಿ ಸಿಕ್ಕಿತು. ಗುದ್ದಲಿ, ಕೊಡಲಿ, ಕುರ್ಪಿ, ಇಷ್ಟೇ ಸಾಮಾನು. ಬೆಳಿಗ್ಗೆ ಆರರಿಂದ ಎಂಟು, ಆಮೇಲೆ ನಮ್ಮ ಕಡೆಯ ಬಿಸಿಲಲ್ಲಿ ನಿಲ್ಲಲಾಗುವುದಿಲ್ಲ. ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಏನೂ ಆಗದು. ಬುಡದಲ್ಲಿ ಗಂಟು ಇರುತ್ತದೆ, ಚಿಗುರುವುದು ಅಲ್ಲಿಂದ. ಸುತ್ತ ಒಂದು ಅಡಿ ಮಣ್ಣು ಬಿಡಿಸಿ ಆ ಗಂಟಿನ ಕೆಳಗೆ ಕೊಡಲಿ ಹಾಕಬೇಕು. ಮೂಲೆಯಲ್ಲಿದ್ದ ದೊಡ್ಡದೊಂದಕ್ಕೆ ಮೂರು ದಿನ ಬೇಕಾಯಿತು. ಮೊದಲ ದಿನ ಮಣ್ಣಿಗೆ ನಾಲ್ಕು ಕೊಡ ನೀರು ಹಾಕಿ ಗೋಣಿಚೀಲ ಮುಚ್ಚಿ ಬಂದೆ. ಎರಡನೇ ದಿನ ಬಿಡಿಸಿದೆ. ಮೂರನೇ ದಿನ ಕಡಿದೆ, ಮುಳ್ಳು ಟೈರ್ ಚಪ್ಪಲಿ ದಾಟಿ ಹಿಮ್ಮಡಿಗೆ ಬಂತು, ಟಿಟಿ ಚುಚ್ಚಿಸಿಕೊಂಡೆ. ಆ ಗಂಟು ಇವತ್ತಿಗೂ ನನ್ನ ಅಂಗಳದಲ್ಲಿ ಕೂರುವ ಮಣೆ.

ಕಾಂಗ್ರೆಸ್ ಕಸ ಹೂ ಬಿಡುವ ಮೊದಲು, ಮಳೆ ಬಿದ್ದು ಹದವಿದ್ದಾಗ ಬೇರುಸಹಿತ ಕಿತ್ತರೆ ಸಲೀಸು. ಹೂ ಬಿಟ್ಟ ಮೇಲೆ ಕಿತ್ತರೆ ನೀವೇ ಬೀಜ ಬಿತ್ತಿದಂತೆ. ಕೈಗವಸು ಇಲ್ಲದೆ ಮುಟ್ಟಬೇಡಿ. ನಾನು ಮುಟ್ಟಿ ಎರಡು ತಿಂಗಳು ಕುತ್ತಿಗೆ, ಮೊಣಕೈ ಕೆರೆದುಕೊಂಡಿದ್ದೇನೆ. ಇದನ್ನು ತಿನ್ನುವ ಮೆಕ್ಸಿಕನ್ ದುಂಬಿಯನ್ನು 1984ರಲ್ಲಿ ಬೆಂಗಳೂರಲ್ಲಿ ಬಿಟ್ಟಿದ್ದರು. ಮಳೆಗಾಲದಲ್ಲಿ ನಮ್ಮಲ್ಲೂ ಕಾಣುತ್ತದೆ, ಪಟ್ಟೆಪಟ್ಟೆ ಬೆನ್ನಿನದು. ಕೊಲ್ಲಬೇಡಿ. ಹದಿನಾಲ್ಕು ತಿಂಗಳಲ್ಲಿ ನನ್ನ ಗುಂಟೆ ಹಸನಾಯಿತು. ಖರ್ಚು ಒಟ್ಟು 1,150.

ಕಪನೂರ ಗೆಳೆಯ:
ಮಾಸ್ತರ್ರ, ಹದಿನಾಲ್ಕು ತಿಂಗಳು! ಅಕ್ಕಾರಿಗೆ ಕೊಟ್ಟದ್ದು ಮೂರು. ನಿಮಗ ಪೆನ್ಷನ್ ಬರ್ತದ, ಮುಂಜಾನೆದ್ದು ಒಂದು ಬೇರಿನ ಜೊತಿ ಮೂರು ದಿನ ಮಾತಾಡಬಹುದು. ನಮಗ ಅಂಗಡಿ ಶಟರ್ ಎತ್ತೋದಿರ್ತದ್ರಿ.

ರಿಟೈರ್ಡ್ ಮಾಸ್ತರ, ಯಾದಗಿರಿ:
ಶಟರ್ ಎತ್ತುವವರು 23,400 ಖರ್ಚು ಮಾಡಿ ಮೆಂತ್ಯ ತಿಂದರೆ ಅದು ನನ್ನ ಪೆನ್ಷನ್ನಿನ ತಪ್ಪೇ?

ಬೀದರ್ ಕೆಂಪು ಮಣ್ಣು:
ಇಬ್ಬರೂ ಜರಾ ಸಮಾಧಾನ. ಖರೇ ಹೇಳಬೇಕಂದ್ರ ನಿಮ್ಮ ಎರಿ ಮಣ್ಣಿನ ಹಣೇಬರಾನೇ ಅಷ್ಟು. ಮಳಿ ಬಂದ್ರ ಒಂದೊಂದು ಬೂಟಿಗೆ ಎರಡು ಕೇಜಿ ಮಣ್ಣು ಹತ್ತತದ, ಬಿಸಿಲು ಬಿದ್ರ ಕಲ್ಲು. ನಡುವ ಹದ ಅಂತ ಸಿಗೋದು ಮೂರೋ ನಾಲ್ಕೋ ದಿನ, ಆ ದಿನ ನಿಮಗ ರಜಾ ಇರಂಗಿಲ್ಲ. ನಮ್ಮ ಬೀದರಿನ ಕೆಂಪು ಜಂಬಿಟ್ಟಿಗಿ ಮಣ್ಣು ನೋಡ್ರಿ, ಮಳಿ ನಿಂತ ಮರುದಿನ ಕುರ್ಪಿ ಹಿಡೀಬಹುದು. ನೀರಿನ ಮಾತಂತೂ ಕೇಳಬ್ಯಾಡ್ರಿ, ಬಹಮನಿ ಕಾಲದಾಗೇ ನೌಬಾದದಾಗ ನೆಲದೊಳಗ ಕರೇಜ್ ಕಾಲುವಿ ತೋಡಿ ನೀರು ತಂದ ಮಂದಿ ನಾವು.

ಕಪನೂರ ಗೆಳೆಯ:
ಆ ಕರೇಜಿನ ನೀರು ನಿಮ್ಮ ಬೆಂಡಿಕಾಯಿ ಬುಡಕ್ಕ ಬರ್ತದೇನ್ರಿ?

ಬೀದರ್ ಕೆಂಪು ಮಣ್ಣು:
ಬರಂಗಿಲ್ಲ. ಮಾತು ಅದಲ್ಲ.

ಜೇವರ್ಗಿ ರೋಡ್ ನೊಂದವ:
ನನ್ನ ಕಥಿ ಕೇಳ್ರಿ. ಯಾರೋ ಹೇಳಿದ್ರು, ಕಾಂಗ್ರೆಸ್ ಕಸಕ್ಕ ಉಪ್ಪುನೀರು ಹೊಡಿ, ಲೀಟರ್‌ಗೆ 200 ಗ್ರಾಂ, ಸುಟ್ಟು ಕರಕಲಾಗ್ತದ ಅಂತ. ಆಯ್ತೂ ಆಯ್ತು. ದಪ್ಪ ಉಪ್ಪಿನ ಎರಡು ಚೀಲ ತಂದು ಬ್ಯಾರಲ್‌ನಾಗ ಕರಗಸಿ ಇಡೀ ಗುಂಟೆಗೆ ಹೊಡದೆ, ಎಂಟು ದಿನದಾಗ ಕಸ ಎಲ್ಲಾ ಕಂದು ಬಣ್ಣ. ಹೆಂಡ್ತಿ ಮುಂದ ಮೀಸಿ ತಿರುವಿದೆ. ಆಮ್ಯಾಲ ಹಾಕಿದ ಪಾಲಕ್ ಮೊಳಕಿ ಬರ್ಲಿಲ್ಲ. ಮೂಲಂಗಿ ಬಂತು, ಬೆರಳಿನಷ್ಟಾಗಿ ನಿಂತೇಬಿಡ್ತು. ಬ್ಯಾಸಿಗಿ ಬಂದಾಗ ನೆಲದ ಮ್ಯಾಲ ಬೆಳ್ಳಗ ಸವಳಿನ ಪದರ. ಉಪ್ಪಿನ ಔಷಧ ರಸ್ತಿ ಬದಿಗೆ, ಬೀಳು ಜಾಗಕ್ಕ ಅಂತ ಆಮ್ಯಾಲ ತಿಳೀತು. ತಿನ್ನೋದು ಬೆಳೆಯೋ ಮಣ್ಣಿಗಲ್ಲಂತ. ಹೇಳಿದಂವ ಈಗ ಎದುರಿಗೆ ಬಂದ್ರ ಬ್ಯಾರೆ ಓಣಿ ಹಿಡೀತಾನ.

ಇಷ್ಟಾದ್ರ ತಡಕೋತಿದ್ದೆ. ಬಾಜೂ ತುಂಡಿನಂವ ಕಸಕ್ಕ ಔಷಧ ಹೊಡದ, ಗಾಳಿ ನನ್ನ ಕಡೆ ಇತ್ತು. ಉಳಿದಿದ್ದ ಹೀರೀಕಾಯಿ ಬಳ್ಳಿ ಹಳದಿ ಆಗಿ ಮುದುರಿ ಸತ್ತವು. ಕೇಳಾಕ ಹೋದ್ರ, ‘ನಿಂದು ಮೊದಲೇ ಉಪ್ಪಿನಕಾಯಿ ಆಗಿತ್ತಲ್ಲ’ ಅಂದ.

ಆಳಂದ ತೊಗರಿ:
ಔಷಧ ಹೊಡದ್ರ ತಪ್ಪೇನ್ರಿ? ನಾವು ಹೊಲದಾಗ ಹೊಡೀತೀವಿ. ನಾಲ್ಕು ವರ್ಷದ ಜಾಲಿಗೆ ಕಡದ ತುದಿಗೆ ಹಚ್ಚಿದ್ರ ಮುಗೀತು. ಕೈಲೆ ಕೀಳ್ತೀನಿ ಅನ್ನೋರು ಎಂದೂ ಹೊಲ ಮಾಡಿದವರಲ್ಲ.

ರಿಟೈರ್ಡ್ ಮಾಸ್ತರ, ಯಾದಗಿರಿ:
ಗ್ಲೈಫೋಸೇಟ್ ಎಂಬ ಕಳೆನಾಶಕದ ಬಗ್ಗೆ ಹೇಳುತ್ತಿದ್ದರೆ, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದೆ. ಕೀಟ ನಿಯಂತ್ರಣದ ಲೈಸೆನ್ಸ್ ಇದ್ದವರ ಕೈಯಲ್ಲೇ ಹೊಡೆಸಬೇಕು ಎಂದು. ಓದಿಕೊಳ್ಳಿ. ಮತ್ತೆ ನನ್ನ ಅಪ್ಪ ಹೊಲವನ್ನೇ ಮಾಡಿದವರು.

ಆಳಂದ ತೊಗರಿ:
ಅಪ್ಪ ಮಾಡಿರಬೇಕು. ಇರ್ಲಿ. ಅಕ್ಕಾರ, ನನ್ನ ಮಾತು ಕೇಳ್ರಿ, ತೊಗರಿ ಬಿತ್ರಿ. ಬೇರು ಆಳಕ್ಕ ಇಳೀತದ, ನೀರು ಬೇಡಂಗಿಲ್ಲ, ಎಲಿ ಉದುರಿಸಿ ನೆಲಕ್ಕ ಗೊಬ್ಬರ ಮಾಡ್ತದ. ನಮ್ಮ ಕಲಬುರಗಿ ತೊಗರಿ ಬ್ಯಾಳಿಗೆ 2019ರಾಗ ಜಿಐ ಟ್ಯಾಗ್ ಸಿಕ್ಕದ. ಸುಮ್ಮ ಸಿಕ್ಕದೇನು?

ಕಪನೂರ ಗೆಳೆಯ:
ಎಕರೆಗೆ ನಾಲ್ಕು ಕ್ವಿಂಟಲ್ ಅಂತ ಹಿಡದ್ರೂ ಒಂದೂವರೆ ಗುಂಟೆಗೆ ಹದಿನೈದು ಕೇಜಿ ಕಾಳು. ಒಡಸಿ ಬ್ಯಾಳಿ ಮಾಡಿದ್ರ ಹತ್ತು ಹನ್ನೊಂದು. ಅಷ್ಟಕ್ಕ ಏಳು ತಿಂಗಳು ಕಾವಲು! ಟ್ಯಾಗು ಕುದಿಸಿ ಸಾರು ಮಾಡ್ತೀರೇನು?

ಆಳಂದ ತೊಗರಿ:
ಎರಡು ಕೇಜಿ ಬದನಿಕಾಯಿಗಿಂತ ಹತ್ತು ಕೇಜಿ ಬ್ಯಾಳಿ ಜಾಸ್ತಿ ಅಂತ ನಮ್ಮ ಸಾಲ್ಯಾಗ ಕಲಿಸ್ಯಾರ.

ಬ್ರಹ್ಮಪುರದ ಮೊಮ್ಮಗಳು:
ನಾನು ತುಂಡು ವಾಪಸ್ ಕೊಟ್ಟಾಕಿ. ಮೂರು ವರ್ಷ ಮಾಡಿದೆ. ಮೊದಲನೇ ವರ್ಷ ಜೇಕು ಕೀಳೋದ್ರಾಗೇ ಹೋಯ್ತು. ಮ್ಯಾಲ ಕಿತ್ರ ಕೆಳಗ ಕರೀ ಗಡ್ಡಿ ಉಳೀತದ, ಒಂದು ಗಡ್ಡಿ ಬಿಟ್ರ ಹದಿನೈದು ದಿನಕ್ಕ ಹತ್ತು ಕಡ್ಡಿ. ಜರಡಿಲೆ ಮಣ್ಣು ಸೋಸೀನಿ, ನಗಬ್ಯಾಡ್ರಿ, ಹಿಟ್ಟು ಸೋಸೋ ಜರಡಿ. ಎರಡನೇ ವರ್ಷ ಪುಂಡಿಪಲ್ಯ ಹಾಕಿದೆ. ಅದೊಂದು ಯಾರ ಹಂಗಿಲ್ದ ಬಂತು, ಕಸಾನೂ ತುಳದು ನನ್ನ ಭುಜದ ಮಟ ಬೆಳೀತು. ಓಣಿಗೆಲ್ಲಾ ಹಂಚೀನಿ. ಮೂರನೇ ವರ್ಷ ಅವ್ವಗ ದವಾಖಾನಿ ಆಯ್ತು, ಎರಡು ತಿಂಗಳು ಹೋಗಾಕಾಗ್ಲಿಲ್ಲ. ಹೋಗೋದ್ರಾಗ ಗೇಟಿನ ಕೀಲಿ ಬದಲಿ ಮಾಡಿದ್ರು. ನನ್ನ ಪುಂಡಿ ಬೀಜ ಅಲ್ಲೇ ಒಣಗಿ ನಿಂತಿದ್ದು ತಂತಿ ಹೊರಗಿಂದ ಕಾಣ್ತಿತ್ತು.

ಬೀದರ್ ಕೆಂಪು ಮಣ್ಣು:
ಕೆಂಪು ಕಡ್ಡಿ ಪುಂಡಿನಾ, ಹಸರು ಕಡ್ಡಿನಾ? ಹುಳಿ ಅಂದ್ರ ಕೆಂಪಿಂದೇ.

ಬ್ರಹ್ಮಪುರದ ಮೊಮ್ಮಗಳು:
ಹಸರು. ಕೆಂಪು ಬರೇ ಹುಳಿ, ಬಾಯಿ ಹಿಂಡಿದಂಗಾಗ್ತದ. ಜ್ವಾಳದ ನುಚ್ಚು, ಬ್ಯಾಳಿ ಹಾಕಿ ಕುದಿಸಿ ಬಳ್ಳೊಳ್ಳಿ ಒಗ್ಗರಣಿ ಕೊಡಾಕ ಹಸರೇ ಬೇಕು.

ಆಳಂದ ತೊಗರಿ:
ಪುಂಡಿಗೆ ಅಕ್ಕಿನುಚ್ಚು ಹಾಕ್ತಾರ. ಜ್ವಾಳದ್ದು ಯಾರ ಮನ್ಯಾಗ?

ಬ್ರಹ್ಮಪುರದ ಮೊಮ್ಮಗಳು:
ನಮ್ಮ ಮನ್ಯಾಗ. ನಿಮಗೇನು ತೊಂದ್ರಿ?

ರಿಟೈರ್ಡ್ ಮಾಸ್ತರ, ಯಾದಗಿರಿ:
ಜೋಳದ ನುಚ್ಚೇ ಸರಿ. ಈ ಒಂದು ವಿಷಯದಲ್ಲಿ ಕಪನೂರಿನವರೂ ಒಪ್ಪುತ್ತಾರೆ ಎಂದುಕೊಳ್ಳುತ್ತೇನೆ.

ಕಪನೂರ ಗೆಳೆಯ:
ನಮ್ಮಲ್ಲಿ ಅಕ್ಕಿದೇ. ಮಾಫ್ ಮಾಡ್ರಿ ಮಾಸ್ತರ್ರ.

ಸೇಡಂ ರೋಡ್ ಸೊಸಿ:
ಅರ್ಧ ಕೇಳಬಹುದೇನು ಅಂದಿದ್ದೆ. ಯಾರೂ ಹೇಳ್ಲಿಲ್ಲ, ನಾನೇ ಇವತ್ತು ಆಫೀಸಿಗೆ ಹೋಗಿ ಕೇಳಿದೆ. ಅರ್ಧ ಕೊಡೋ ಪದ್ಧತಿ ಇಲ್ಲಂತ. ಆದ್ರ ಇಬ್ಬರು ಕೂಡಿ ಒಂದು ತುಂಡು ತಗೋಬಹುದಂತ, ಇಬ್ಬರ ಸಹಿ ಬೇಕು. ನಮ್ಮ ಹಿಂದಿನ ಮನಿ ಕಾಕೂ ಹೂಂ ಅಂದ್ರು. ನೀರಿನ ಕಡೀಗೆ ಅವರು, ನಾನು ಜಾಲಿ ಕಡೀಗೆ. ಅತ್ತಿಯವರು ಆಗಲೇ ಹಳೀ ಸೀರಿ ಹರದು ಕೈಗವಸು ಹೊಲಿಯಾಕ ಕುಂತಾರ. ಬೇರು ತೆಗಿಯೋ ಗುದ್ದಲಿ ಯಾರ ಹತ್ರ ಅದ?

ರಿಟೈರ್ಡ್ ಮಾಸ್ತರ, ಯಾದಗಿರಿ:
ನನ್ನ ಹತ್ತಿರ ಇದೆ. ಆದರೆ ಯಾದಗಿರಿಯಿಂದ ಬಸ್ಸಿನಲ್ಲಿ ತರಲು ಕಂಡಕ್ಟರ್ ಬಿಡುವುದಿಲ್ಲ, ಒಮ್ಮೆ ಜಗಳ ಆಗಿದೆ.

ಕಪನೂರ ಗೆಳೆಯ:
ನನ್ನದು ಒಯ್ಯಿರಿ ಅಕ್ಕಾರ, ಅಂಗಡ್ಯಾಗೇ ಬಿದ್ದದ. ಕಾವು ಜರಾ ಸಡಲ ಆಗ್ಯಾದ, ನೀರಾಗ ಒಂದು ರಾತ್ರಿ ಇಡ್ರಿ. ಮತ್ತ ಆ ಜಾಲಿ ಕಟಿಗಿ ಯಾರಿಗೂ ಹೇಳಬ್ಯಾಡ್ರಿ, ನಮ್ಮ ಮನ್ಯಾಗ ಮುಂದಿನ ತಿಂಗಳು ಕಾರ್ಯ ಅದ.