ನಿಲ್ಲಿಸಿದರೂ ಪೋರ್ಟ್ 111 ಮತ್ತೆ ತೆರೆದುಕೊಳ್ಳುತ್ತಿದೆ

ಪ್ರಶ್ನೆ (ಗೋಣಿಕೊಪ್ಪದಿಂದ)

ನಮ್ಮ ಕಾಫಿ ಕ್ಯೂರಿಂಗ್ ಘಟಕದಲ್ಲಿ ಹಳೆಯ ಸೆಂಟ್‌ಓಎಸ್ 7 ಸರ್ವರ್ ಒಂದಿದೆ. ನೋಡಿಕೊಳ್ಳುತ್ತಿದ್ದವರು ಹೋದ ಮೇಲೆ ಅದು ನನ್ನ ಪಾಲಿಗೆ ಬಂತು. ನಾನು ಲೆಕ್ಕ ಬರೆಯುವವನು. ಕಕ್ಕಡ ಮಾಸದ (ಜುಲೈ-ಆಗಸ್ಟ್) ಮಳೆಯಲ್ಲಿ ಕೆಲಸ ಕಡಿಮೆಯಾದ್ದರಿಂದ ಬೇಡದ ಸೇವೆಗಳನ್ನು ತೆಗೆಯಲು ಕುಳಿತೆ. ತೆರೆದಿರುವ ಪೋರ್ಟ್‌ಗಳನ್ನು (ಹೊರಗಿನ ಸಂಪರ್ಕ ಒಳಬರುವ ಬಾಗಿಲುಗಳನ್ನು) ತೋರಿಸುವ ಎಸ್‌ಎಸ್ ಆಜ್ಞೆಯಲ್ಲಿ 23, 79, 111, 514 ಕಂಡವು. 111ರ ಸೇವೆಯಾದ ಆರ್‌ಪಿಸಿಬೈಂಡ್ ಅನ್ನು ನಿಲ್ಲಿಸಿದೆ, ಆದರೂ 111 ಹಾಗೆಯೇ ಇದೆ. ಮರುದಿನ ಕರೆಂಟ್ ಹೋಗಿ ಬಂದ ಮೇಲೆ ಆರ್‌ಪಿಸಿಬೈಂಡ್ ಕೂಡ ಎದ್ದು ಕುಳಿತಿದೆ. 23 ಮತ್ತು 514ರ ಎದುರು ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ಹೆಸರಷ್ಟೇ ಇದೆ. ಏನು ತಪ್ಪು ಮಾಡಿದೆ?

ಉತ್ತರ (ಮಡಿಕೇರಿಯಿಂದ)

ತಪ್ಪೇನಿಲ್ಲ ಸರ್, ಅರ್ಧ ಕೆಲಸವಾಗಿದೆ. ಬಾಗಿಲಲ್ಲಿ ಕಾಯುವುದು ಸೇವೆಯಲ್ಲ, ಅದರ ಪರವಾಗಿ ಪೋರ್ಟ್ ತೆರೆದಿಡುವ ಸಾಕೆಟ್ ಘಟಕ. ಸಂಪರ್ಕ ಬಂದ ಕೂಡಲೇ ಸಿಸ್ಟಮ್‌ಡಿ ಸೇವೆಯನ್ನು ಎಬ್ಬಿಸುತ್ತದೆ. ನಿಲ್ಲಿಸುವಾಗ ಪರದೆಯಲ್ಲಿ ಎಚ್ಚರಿಕೆಯೂ ಬಂದಿರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಆರ್‌ಪಿಸಿಬೈಂಡ್‌ನ ಸೇವೆ, ಸಾಕೆಟ್ ಎರಡನ್ನೂ ನಿಲ್ಲಿಸಿ, ಡಿಸೇಬಲ್ ಮಾಡಿ (ಬೂಟ್‌ನಲ್ಲಿ ಏಳದಂತೆ), ಮಾಸ್ಕ್ ಮಾಡಿ (ಯಾರೂ ಎಬ್ಬಿಸಲಾಗದಂತೆ). ಬರೀ ನಿಲ್ಲಿಸಿದ್ದು ಮುಂದಿನ ಬೂಟ್‌ವರೆಗೆ ಮಾತ್ರ.

ಅದಕ್ಕೆ ಮೊದಲು ಎನ್‌ಎಫ್‌ಎಸ್ (ನೆಟ್‌ವರ್ಕ್‌ನಲ್ಲಿ ಕಡತ ಹಂಚಿಕೊಳ್ಳುವ ವ್ಯವಸ್ಥೆ) ಬಳಕೆಯಲ್ಲಿದೆಯೇ ನೋಡಿ. ಮೂರನೆಯ ಆವೃತ್ತಿಗೆ 111 ಬೇಕು; ನಾಲ್ಕನೆಯದಕ್ಕೆ 2049 ಒಂದೇ ಸಾಕು. ಯಮ್ ಆಜ್ಞೆಯಿಂದ ಪ್ಯಾಕೇಜ್ ತೆಗೆಯುವಾಗ ಜೊತೆಗೆ ಹೋಗುವವುಗಳ ಪಟ್ಟಿಯನ್ನು ಓದಿದ ಮೇಲೆಯೇ ವೈ ಒತ್ತಿ. ಆರ್‌ಪಿಸಿಬೈಂಡ್ ಹೊರಟರೆ ಎನ್‌ಎಫ್‌ಎಸ್ ಯುಟಿಲ್ಸ್ ಕೂಡ ಹೊರಡುತ್ತದೆ.

79 ಫಿಂಗರ್, ಸರ್ವರಿನ ಬಳಕೆದಾರರ ವಿವರ ಹೇಳುವ ಹಳೆಯ ಸೇವೆ. 1988ರ ನವೆಂಬರ್‌ನಲ್ಲಿ ಇಂಟರ್ನೆಟ್‌ನಲ್ಲಿ ತಾನಾಗಿಯೇ ಹರಡಿದ ಮಾರಿಸ್ ವರ್ಮ್ ನುಗ್ಗಿದ ದಾರಿಗಳಲ್ಲಿ ಅದೂ ಒಂದು. ಸಂಪರ್ಕ ಬಂದಾಗ ಸಣ್ಣ ಸೇವೆಗಳನ್ನು ಎಬ್ಬಿಸುವ ಎಕ್ಸ್‌ಇನೆಟ್‌ಡಿಯ ಕೆಳಗೆ ಓಡುತ್ತಿರುತ್ತದೆ; ಯೋಚನೆ ಬೇಡ, ತೆಗೆಯಿರಿ. ಎಕ್ಸ್‌ಇನೆಟ್‌ಡಿಗೆ ಬೇರೆ ಕೆಲಸವಿಲ್ಲದಿದ್ದರೆ ಅದನ್ನೂ. 23 ಟೆಲ್ನೆಟ್, ದೂರದಿಂದ ಲಾಗಿನ್ ಆಗುವ ಹಳೆಯ ದಾರಿ; ಪಾಸ್‌ವರ್ಡ್ ಬಯಲಲ್ಲೇ ಹರಿಯುತ್ತದೆ. ಅದೇ ಕೆಲಸವನ್ನು ಗುಟ್ಟಾಗಿ ಮಾಡುವ ಎಸ್‌ಎಸ್‌ಎಚ್ ನಿಮಗೆ ಇದ್ದರೆ ಟೆಲ್ನೆಟ್‌ನ ಸಾಕೆಟ್ ಮುಚ್ಚಿ.

ಪ್ರಶ್ನಿಸಿದವರು

111, 79, 23 ಹೋದವು. ಸರ್ವರನ್ನು ಮರುಪ್ರಾರಂಭಿಸಿಯೂ ನೋಡಿದೆ. 514ರ ಆರ್‌ಎಸ್‌ಎಚ್ (ಬೇರೆ ಯಂತ್ರದಿಂದ ಆಜ್ಞೆ ಓಡಿಸುವ ಹಳೆಯ ಸೇವೆ) ಬಗ್ಗೆ ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ತೆಗೆದುಬಿಡಲೇ?

ಉತ್ತರ (ಮಡಿಕೇರಿಯಿಂದ)

ತಡೆಯಿರಿ! ಆ ಲಾಗ್ ಎಷ್ಟು ದಿನದ್ದು? ಹಳೆಯ ಲಾಗ್ ಅಳಿಸುವ ಲಾಗ್‌ರೊಟೇಟ್‌ನ ಸೆಟ್ಟಿಂಗ್ ಬದಲಿಸದಿದ್ದರೆ ನಾಲ್ಕೈದು ವಾರಗಳಷ್ಟೇ ಉಳಿದಿರುತ್ತದೆ. ಈ ಮಳೆಯಲ್ಲಿ ನಿಮ್ಮ ಗೇಟಿಗೆ ಎಷ್ಟು ಲಾರಿ ಬಂದಿವೆ? ಪುತ್ತರಿ ಹಬ್ಬ ಕಳೆದು ಕೊಯ್ಲು ಜೋರಾದಾಗ ಯಾವ ಯಂತ್ರ ಈ ಸರ್ವರ್‌ಗೆ ಕಡತ ಕಳುಹಿಸುತ್ತದೆಂದು ಜುಲೈ ತಿಂಗಳ ಲಾಗ್ ಹೇಳುವುದಿಲ್ಲ. ಪ್ರತಿಯೊಂದು ಹೋಮ್ ಡೈರೆಕ್ಟರಿಯಲ್ಲೂ ಚುಕ್ಕೆಯಿಂದ ಶುರುವಾಗುವ ಆರ್‌ಹೋಸ್ಟ್ಸ್ ಕಡತ ಹುಡುಕಿ, ಇಟಿಸಿ ಡೈರೆಕ್ಟರಿಯೊಳಗಿನ ಹೋಸ್ಟ್ಸ್ ಈಕ್ವಿವ್ ಕಡತ ಕೂಡ. ಯಾರನ್ನು ಪಾಸ್‌ವರ್ಡ್ ಕೇಳದೆ ಒಳಗೆ ಬಿಡಬೇಕೆಂದು ಅಲ್ಲಿ ಬರೆದಿರುತ್ತದೆ.

ಪ್ರಶ್ನಿಸಿದವರು

ಸಿಕ್ಕಿತು ಸರ್. ತೂಕದ ಖಾತೆಯ ಹೋಮ್‌ನಲ್ಲಿ ಆ ಕಡತ, ಅದರೊಳಗೆ ವೇಬ್ರಿಡ್ಜ್ (ಲಾರಿ ತೂಗುವ ಯಂತ್ರ) ಕಂಪ್ಯೂಟರಿನ ಹೆಸರು! ಅದೂ ಲಿನಕ್ಸ್ ಯಂತ್ರವೇ. ಅದರ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಆಜ್ಞೆ ಓಡಿಸುವ ಪಟ್ಟಿ) ರಾತ್ರಿ ಒಂಬತ್ತಕ್ಕೆ ಆರ್‌ಎಸ್‌ಎಚ್ ಮೂಲಕ ಕಡತ ಕಳುಹಿಸುವ ಆರ್‌ಸಿಪಿ ಸಾಲಿದೆ: ತೂಕದ ಕಡತ ಇದ್ದರೆ ಮಾತ್ರ ಕಳುಹಿಸು ಎಂದು. ಜೂನ್‌ನಿಂದ ಕಡತವೇ ಇಲ್ಲ.

ಉತ್ತರ (ಮಡಿಕೇರಿಯಿಂದ)

ಸದ್ಯಕ್ಕೆ ಫೈರ್‌ವಾಲ್‌ನಲ್ಲಿ 514 ಆ ಒಂದು ವಿಳಾಸಕ್ಕೆ ಮಾತ್ರ ಇರಲಿ. ವೇಬ್ರಿಡ್ಜ್‌ನಲ್ಲಿ ಎಸ್‌ಎಸ್‌ಎಚ್ ಕೀಲಿ ಮಾಡಿ, ಕ್ರಾನ್ ಸಾಲಿನ ಆರ್‌ಸಿಪಿಯನ್ನು ಎಸ್‌ಎಸ್‌ಎಚ್ ಮೂಲಕ ಕಳುಹಿಸುವ ಎಸ್‌ಸಿಪಿಗೆ ಬದಲಿಸಿ. ಒಂದು ಸುಳ್ಳು ತೂಕದ ಕಡತ ಇಟ್ಟು ರಾತ್ರಿ ಒಂಬತ್ತರವರೆಗೆ ಕಾಯಿರಿ. ಸರ್ವರ್‌ಗೆ ಬಂದು ಬಿದ್ದರೆ ಆರ್‌ಎಸ್‌ಎಚ್ ಸಾಕೆಟನ್ನೂ ಆರ್‌ಹೋಸ್ಟ್ಸ್ ಕಡತವನ್ನೂ ತೆಗೆಯಿರಿ, ಆಮೇಲೆ ಪ್ಯಾಕೇಜ್. ಸುಳ್ಳು ತೂಕವನ್ನು ಅಳಿಸಲು ಮರೆಯಬೇಡಿ, ಲೆಕ್ಕ ಬರೆಯುವವರೂ ನೀವೇ ತಾನೇ.